ಸೈಕಲ್ ಹಿಡಿದು ನಿಂತವಳು

ಸೈಕಲ್ಲನ್ನು ನೆಲಕ್ಕೆ ಬೀಳಿಸಬಾರದೆಂಬ ಕಟ್ಟಳೆಯಿದ್ದ ಒಂದು ದ್ವೀಪವಿತ್ತು. ಅದಕ್ಕೊಂದು ಹೆಸರೂ ಇದ್ದಿರಬೇಕು, ಆದರೆ ಅಲ್ಲಿಗೆ ಹೋಗಿಬಂದವರು ಯಾರೂ ಅದನ್ನು ಹೆಸರಿಟ್ಟು ಕರೆದದ್ದನ್ನು ನಾನು ಕೇಳಿಲ್ಲ. ಸುತ್ತ ಹಸಿರು ಸಮುದ್ರ. ದಡದ ಉದ್ದಕ್ಕೂ ನೀರಿನ ಕಡೆಗೆ ಬಾಗಿದ ತೆಂಗು. ತೆಂಗು ಮುಗಿದಲ್ಲಿ ಕೆಮ್ಮಣ್ಣಿನ ದಾರಿ, ದಾರಿ ಮುಗಿದಲ್ಲೆಲ್ಲ ಒಂದೊಂದು ವಿಹಾರ. ವಿಹಾರದ ಮುಂದೆ ಗುಡಿಸಿಟ್ಟ ಬಿಳಿ ಮರಳಿನ ಅಂಗಳ, ಅಂಗಳದಲ್ಲಿ ಅರಳಿಮರ, ಒಳಗೆ ಕತ್ತಲು, ಕತ್ತಲಲ್ಲಿ ಬುದ್ಧ.

ಆ ವಿಹಾರಗಳನ್ನು ನೋಡಬೇಕೆಂದವರು ನಡೆದು ಹೋಗುವಂತಿಲ್ಲ, ಗಾಡಿ ಕಟ್ಟಿಸಿಕೊಂಡು ಹೋಗುವಂತಿಲ್ಲ. ಸೈಕಲ್ಲಿನಲ್ಲೇ ಹೋಗಬೇಕು. ಒಂದು ಸೈಕಲ್ಲಿಗೆ ಇಬ್ಬರು. ವಿಹಾರ ಮುಟ್ಟಿದ ಮೇಲೆ ಸೈಕಲ್ಲನ್ನು ಮಲಗಿಸಬಾರದು, ಗೋಡೆಗೋ ಮರಕ್ಕೋ ಒರಗಿಸಬಾರದು. ಸ್ಟ್ಯಾಂಡ್ ಅನ್ನುವುದಂತೂ ಆ ಸೈಕಲ್ಲುಗಳಿಗೆ ಇರಲೇ ಇಲ್ಲ. ಒಬ್ಬರು ಹಿಡಿಯಬೇಕು, ಒಬ್ಬರು ಹೋಗಬೇಕು. ಹೋದವರು ಬಂದು ಹೇಳಬೇಕು, ಹಿಡಿದವರು ನಿಂತು ಕೇಳಬೇಕು. ಕೇಳಿದರೆ ನೋಡಿದ ಹಾಗೇ ಲೆಕ್ಕ.

ಹಿಡಿದವರು ಕೈಬಿಟ್ಟು ಸೈಕಲ್ ನೆಲಕ್ಕೆ ಬಿತ್ತೆನ್ನಿ, ಒಳಗಿರುವವರಿಗೆ ಮತ್ತೆ ಬಾಗಿಲು ಸಿಗುವುದಿಲ್ಲ. ಗೋಡೆಯಿಂದ ಗೋಡೆಗೆ ಸುತ್ತಿ ಸುತ್ತಿ ಕಡೆಗೆ ಅವರೂ ಗೋಡೆಯ ಮೇಲಿನ ಚಿತ್ರವೇ ಆಗಿಬಿಡುತ್ತಾರೆ. ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ನಮ್ಮ ನಮ್ಮ ಊರಿನ ಕಟ್ಟಳೆಗಳಿಗೇ ನಾವು ಕಾರಣ ಕೇಳುವುದಿಲ್ಲ, ಸಮುದ್ರ ದಾಟಿ ಹೋಗಿ ಕೇಳುವುದೇನು!

ಆ ದ್ವೀಪಕ್ಕೆ ಎಲ್ಲವನ್ನೂ ಬಿಟ್ಟು ಬಂದು ನೆಲೆಸಿದವರೂ ಇದ್ದರು. ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಉಟ್ಟುಕೊಂಡು, ಇರುವಷ್ಟು ಕಾಲ ಅಂಗಳ ಗುಡಿಸಿಕೊಂಡಿರುವವರು. ಅವರ ಕಡೆಗಾಲ ಬಂದಾಗ ಚಿತ್ರ ಬರೆಯುವವನು ಹಾಸಿಗೆಯ ಪಕ್ಕ ಕೂತು ಒಂದೇ ಮಾತು ಕೇಳುತ್ತಿದ್ದ. ಎಲ್ಲ ಬಿಟ್ಟೆಯಲ್ಲ, ಬಿಡಲಾರದೆ ಉಳಿದದ್ದೇನು? ಅವರು ಏನು ಹೇಳಿದರೋ ಅದನ್ನು ಅವರ ಮಡಿಲಲ್ಲಿ ಬರೆದು, ಅವರನ್ನು ವಿಹಾರದ ಗೋಡೆಯ ಮೇಲೆ ಬುದ್ಧನ ಕಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದ. ಒಬ್ಬನ ಮಡಿಲಲ್ಲಿ ಎಮ್ಮೆಯ ಕರು, ಒಬ್ಬಳ ಮಡಿಲಲ್ಲಿ ಒನಕೆ, ಇನ್ನೊಬ್ಬನ ಮಡಿಲಲ್ಲಿ ಯಾರದೋ ಮನೆಯ ಕಿಟಕಿ. ಏನೂ ಇಲ್ಲ ಎಂದವರ ಮಡಿಲು ಖಾಲಿ. ಖಾಲಿ ಮಡಿಲಿನವರು ಬಹಳ ದೊಡ್ಡವರು ಎಂದು ದ್ವೀಪದವರು ಹೇಳುತ್ತಿದ್ದರು. ಇರಬಹುದು. ಅವರ ಮಕ್ಕಳಿಗೆ ಹೇಗನಿಸುತ್ತಿತ್ತೋ, ಅದನ್ನು ಯಾರೂ ಹೇಳಲಿಲ್ಲ.

ಈ ದ್ವೀಪಕ್ಕೆ ಒಂದು ಬೆಳಿಗ್ಗೆ ಅಕ್ಕ ಮತ್ತು ತಮ್ಮ ದೋಣಿಯಲ್ಲಿ ಬಂದಿಳಿದರು.

ಅವರ ಅಮ್ಮ ಹಿಂದೊಂದು ಕಾಲದಲ್ಲಿ ಒಲೆ ಮೇಲಿನ ಅನ್ನವನ್ನೂ ಇಳಿಸದೆ ಮನೆಬಿಟ್ಟು ಇಲ್ಲಿಗೆ ಬಂದವಳು. ಆಗ ತಮ್ಮ ಅಂಬೆಗಾಲಿಡುತ್ತಿದ್ದ. ಅಕ್ಕನೂ ಇನ್ನೂ ಹುಡುಗಿಯೇ, ಅಪ್ಪ ಮೊದಲೇ ಇರಲಿಲ್ಲ. ಅನ್ನ ಇಳಿಸಿದವಳು ಅಕ್ಕ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡವಳು ಅಕ್ಕ. ಅವನು ಬೆಳೆದು ಮೀಸೆ ಬರುವ ತನಕ ಅವಳ ಸೊಂಟದಿಂದ ಇಳಿಯಲಿಲ್ಲ ಎಂದು ಊರವರು ಹಾಸ್ಯ ಮಾಡುತ್ತಿದ್ದರು. ಅಮ್ಮ ದ್ವೀಪದಲ್ಲೇ ತೀರಿಕೊಂಡಳೆಂದೂ, ಯಾವುದೋ ಒಂದು ವಿಹಾರದ ಗೋಡೆಯ ಮೇಲೆ ಕೂತಿದ್ದಾಳೆಂದೂ ದೋಣಿಯವರು ಹೇಳಿದ ದಿನದಿಂದ ಅಕ್ಕನಿಗೆ ಒಂದೇ ಯೋಚನೆ. ಅಮ್ಮನ ಮಡಿಲಲ್ಲಿ ಏನಿದೆ? ತಾನಿದ್ದೇನೆಯೇ? ತಾನಿಲ್ಲದಿದ್ದರೆ ತಮ್ಮನಾದರೂ ಇದ್ದಾನೆಯೇ? ಅಥವಾ ಒಲೆ ಮೇಲಿನ ಅನ್ನವನ್ನು ಬಿಟ್ಟ ಹಾಗೆ ತಮ್ಮಿಬ್ಬರನ್ನೂ ಸಲೀಸಾಗಿ ಬಿಟ್ಟು, ಖಾಲಿ ಮಡಿಲಿನ ದೊಡ್ಡವಳಾಗಿ ಕೂತಿದ್ದಾಳೆಯೇ? ಇದು ಗೊತ್ತಾಗದೆ ಅವಳಿಗೆ ತನ್ನ ಬಾಳು ಶುರುವೇ ಆಗಿಲ್ಲ ಅನಿಸುತ್ತಿತ್ತು.

ದೋಣಿಕಟ್ಟೆಯಲ್ಲಿ ಸೈಕಲ್ ಕೊಡುವವಳು ಎಲೆಯಡಿಕೆ ಜಗಿಯುತ್ತ ಕೂತಿದ್ದಳು.

"ಯಾರು ಹಿಡಿಯೋರು, ಯಾರು ಹೋಗೋರು? ಈಗ್ಲೇ ಹೇಳ್ಬಿಡಿ. ಆಮೇಲೆ ಅದಲು ಬದಲು ಇಲ್ಲ."

ನಾನು ಹೋಗುತ್ತೇನೆ ಎನ್ನಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಹೇಳಿದ: "ನಾನು ಹೋಗ್ತೀನಿ ಅಕ್ಕಾ. ನೀನು ಒಳಗೆ ಹೋದ್ರೆ ಅಳ್ತಾ ನಿಂತ್ಬಿಡ್ತೀಯ. ಕಣ್ಣಲ್ಲಿ ನೀರು ತುಂಬ್ಕೊಂಡ್ರೆ ಕಾಣೋದೇನು? ನಾನು ನೋಡಿ ಬಂದು ಒಂದೂ ಬಿಡದೆ ಹೇಳ್ತೀನಿ. ಅಲ್ದೆ ನನ್ನ ಕೈ ಬೆವರುತ್ತೆ, ಗೊತ್ತಲ್ಲ. ಸೈಕಲ್ ಜಾರಿಹೋದ್ರೆ ಏನ್ಮಾಡ್ತೀಯ?"

ಅವಳಿಗೆ ನಗು ಬಂತು. ಕಷ್ಟದ ಕೆಲಸ ತನ್ನ ಪಾಲಿಗೆ ಬರುವುದು ಅವಳಿಗೆ ಹೊಸದಲ್ಲ. "ಸರಿ, ನಾನೇ ಹಿಡೀತೀನಿ," ಅಂದಳು.

"ಇನ್ನೊಂದು ಮಾತು," ಅಂದಳು ಸೈಕಲ್ ಕೊಡುವವಳು. "ಹೋದವರು ಕಂಡದ್ದನ್ನ ಹೇಳದೆ ಉಳಿಸ್ಕೊಂಡ್ರೆ, ಆಮೇಲೆ ತಾವಾಗೇ ಬಾಯಿಬಿಟ್ಟು ಉಳಿಸ್ಕೊಂಡೆ ಅಂತ ಒಪ್ಕೊಂಡ್ರೆ, ಆ ವಿಹಾರಕ್ಕೆ ಮಾತ್ರ ಅದಲು ಬದಲು. ಹೋದವರು ಹಿಡೀಬೇಕು, ಹಿಡಿದವರು ಹೋಗ್ಬೇಕು. ಒಪ್ಕೊಳ್ದೆ ಇದ್ರೆ ಏನೂ ಇಲ್ಲ."

"ಅಂಥದ್ದೇನೂ ಆಗಲ್ಲ ಬಿಡಮ್ಮಾ," ಅಂದಳು ಅಕ್ಕ. "ನಾನೇ ಸಾಕಿದ ಹುಡುಗ."

ಸೈಕಲ್ ಕೊಡುವವಳು ಮರಳಿನ ಮೇಲೆ ಕೆಂಪಗೆ ಉಗಿದು, ಕಪ್ಪು ಬಣ್ಣದ ಭಾರದ ಸೈಕಲ್ಲೊಂದನ್ನು ಅವಳ ಕೈಗೆ ದಾಟಿಸಿದಳು. ಅದರ ಚೈನಿಗೆ ಕೊಬ್ಬರಿ ಎಣ್ಣೆ ಹಾಕಿದ್ದರು. ಇಡೀ ದ್ವೀಪದ ದಾರಿಗಳಲ್ಲಿ ಅದೇ ವಾಸನೆ.

ಹಾಗೆ ಅವರ ತಿರುಗಾಟ ಮೊದಲಾಯಿತು. ತುಳಿಯುವವಳು ಅಕ್ಕ, ಹಿಂದಿನ ಕ್ಯಾರಿಯರ್ ಮೇಲೆ ತಮ್ಮ. ಏರು ಬಂದರೆ ಇಳಿದು ತಳ್ಳುತ್ತಿದ್ದ, ಇಳಿಜಾರು ಬಂದರೆ ಕಾಲು ಚಾಚಿ ಕೂಗು ಹಾಕುತ್ತಿದ್ದ. ಬಿಸಿಲು ನೆತ್ತಿಗೆ ಬಂದಾಗ ಎಳನೀರು ಕುಡಿಯುತ್ತಿದ್ದರು, ಅವಳು ಒಂದು ಕೈಯಲ್ಲಿ ಸೈಕಲ್ ಹಿಡಿದೇ. ದಾರಿಗೆ ಅಡ್ಡಲಾಗಿ ಉಡ ಮಲಗಿದ್ದರೆ ಅದು ಎದ್ದು ಹೋಗುವ ತನಕ ಕಾಯುತ್ತಿದ್ದರು. ವಿಹಾರ ಬಂದ ಕೂಡಲೇ ಅವನು ಚಪ್ಪಲಿ ಬಿಟ್ಟು, ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದು, ಬಾಗಿಲ ಮುಂದಿನ ಅರ್ಧಚಂದ್ರದ ಕಲ್ಲು ಮೆಟ್ಟಿ ಒಳಗೆ ಹೋಗುತ್ತಿದ್ದ. ಅವಳು ಅರಳಿಮರದ ನೆರಳಲ್ಲಿ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಲ್ಲುತ್ತಿದ್ದಳು. ಅವನು ಹೊರಗೆ ಬಂದು ಹೇಳುತ್ತಿದ್ದ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಅವನು ಹೇಳುವುದಾದರೂ ಹೇಗೆ! ಆ ಬಾಯಿಗೆ ಯಾರು ಬೇಕಾದರೂ ಮರುಳಾಗಬೇಕು. ಬಾವಲಿ ವಿಹಾರದಲ್ಲಿ ಬುದ್ಧನ ತಲೆಯ ಮೇಲಿನ ಕತ್ತಲು ಉಸಿರಾಡುತ್ತದೆ, ಕಿವಿಗೊಟ್ಟರೆ ಅದು ತಲೆಕೆಳಗಾಗಿ ತೂಗುವ ಸಾವಿರ ಬಾವಲಿಗಳು ಎಂದು ತಿಳಿಯುತ್ತದೆ. ಬಂಡೆ ವಿಹಾರದಲ್ಲಿ ಬುದ್ಧ ಮಲಗಿದ್ದಾನೆ. ಎರಡೂ ಪಾದದ ಹೆಬ್ಬೆರಳು ಒಂದೇ ಸಮಕ್ಕಿದ್ದರೆ ನಿದ್ದೆ, ಒಂದು ತುಸು ಹಿಂದಿದ್ದರೆ ತೀರಿಹೋಗಿದ್ದಾನೆ ಎಂದರ್ಥ. ಇಲ್ಲಿ ಒಂದು ತುಸು ಹಿಂದಿದೆ ಅಕ್ಕಾ, ಒಂದು ಅಕ್ಕಿಕಾಳಿನಷ್ಟು. ಅಕ್ಕಿಕಾಳಿನಷ್ಟು ಎಂಬ ಮಾತು ಕೇಳಿ ಅಕ್ಕ ಅಲ್ಲೇ ಕಣ್ಣೀರು ಹಾಕಿದಳು. ಉಪ್ಪುಕೆರೆಯ ದಡದಲ್ಲಿದ್ದ ವಿಹಾರದಿಂದ ಮಾತ್ರ ಅವನು ಹೊರಗೆ ಬರಲು ತಡಮಾಡಿದ್ದ. ಬಂದವನು, ಒಳಗೆಲ್ಲ ಉಪ್ಪಿನ ಬೆಳಕು ಅಕ್ಕಾ, ಕೆರೆಯ ಹೊಳಪು ಕಿಟಕಿಯಿಂದ ಬಂದು ಬುದ್ಧನ ಗಲ್ಲದ ಕೆಳಗೆ ಆಡ್ತಾ ಇರುತ್ತೆ ಎಂದು ಶುರುಮಾಡಿ ಇಡೀ ವಿಹಾರವನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳಿದ್ದ.

"ಅಮ್ಮ?" ಎಂದು ಅವಳು ಪ್ರತಿಸಲದಂತೆ ಆಗಲೂ ಕೇಳಿದ್ದಳು. ಗಲ್ಲದ ಮೇಲೆ ಮಚ್ಚೆ, ಉದ್ದನೆಯ ಕತ್ತು. ಗುರುತು ಹೇಳಿಕೊಟ್ಟವಳು ಅವಳೇ.

"ಇಲ್ಲಕ್ಕಾ," ಎಂದು ಅವನು ಪ್ರತಿಸಲದಂತೆ ಆಗಲೂ ಹೇಳಿದ್ದ. "ಮುಂದಿನದರಲ್ಲಿ ಇರ್ತಾಳೆ."

ಅವಳು ತುಳಿದಳು. ಉಪ್ಪುಕೆರೆ ಹಿಂದಾಯಿತು, ತಾಳೆಯ ತೋಪು ಹಿಂದಾಯಿತು, ಕಡಲ ಗಾಳಿ ಎದುರಾಗಿ ಬೀಸಿ ಸೀರೆ ಚಕ್ರಕ್ಕೆ ಸಿಕ್ಕಿತು, ಬಿಡಿಸಿಕೊಂಡು ತುಳಿದಳು. ಒಬ್ಬರು ಹಿಡಿಯಬೇಕು, ಒಬ್ಬರು ಹೋಗಬೇಕು. ಮುಂದಿನದರಲ್ಲಿ ಇರ್ತಾಳೆ. ಅದರ ಮುಂದಿನದರಲ್ಲಿ ಇರ್ತಾಳೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು.

ಗುಹೆ ವಿಹಾರದ ಅಂಗಳದಲ್ಲಿ ಅವಳ ಪಕ್ಕಕ್ಕೆ ಇನ್ನೊಂದು ಸೈಕಲ್ ಹಿಡಿದುಕೊಂಡು ಒಬ್ಬ ಮುದುಕ ನಿಂತಿದ್ದ. ಅವನ ಹೆಂಡತಿ ಆಗ ತಾನೇ ಒಳಗೆ ಹೋಗಿದ್ದಳು, ಅವಳ ಹಿಂದೆಯೇ ತಮ್ಮ. ಆ ದ್ವೀಪದಲ್ಲಿ ಹಿಡಿಯುವವರು ಹೊತ್ತು ಕಳೆಯಲು ತಾವು ಕೇಳಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ವಾಡಿಕೆ. ಇವಳು ಬಾವಲಿ ವಿಹಾರವನ್ನು ತಮ್ಮನ ಮಾತಿನಲ್ಲೇ ಹೇಳಿದಳು. ಮುದುಕ ಬಾಯಿ ಬಿಟ್ಟುಕೊಂಡು ಕೇಳಿದ.

"ಪುಣ್ಯ ಮಾಡಿದ್ದೀಯ ಕಣಮ್ಮಾ," ಅಂದ. "ನಮ್ಮವಳದ್ದೂ ಒಂದು ಹೇಳೋ ವೈಖರಿ ಇದೆ. ಹೋಗ್ತಾಳೆ, ಬರ್ತಾಳೆ, ಗೋಡೆ ಇದೆ, ಬುದ್ಧ ಇದ್ದಾನೆ, ಸೆಖೆ ಇದೆ ಅಂತಾಳೆ. ಸಂತೆ ಸಾಮಾನು ಒಪ್ಪಿಸಿದ ಹಾಗೆ. ಆದ್ರೆ ಒಂದೂ ಬಿಡಲ್ಲ, ಅದೊಂದು ಗುಣ. ಬಹಳ ದಿನದ ಹಿಂದೆ ಹೋಗಿದ್ದ ಉಪ್ಪುಕೆರೆ ವಿಹಾರದಲ್ಲಿ ಯಾರ್ಯಾರು ಕೂತಿದ್ದಾರೆ ಅಂತ ಸಾಲಾಗಿ ಹೇಳಿದ್ಲು. ಮೊದಲು ಒಬ್ಬ ಗಡ್ಡದೋನು, ಮಡಿಲಲ್ಲಿ ತಕ್ಕಡಿ. ಆಮೇಲೆ ಒಬ್ಬ ಕುಳ್ಳ, ಮಡಿಲು ಖಾಲಿ. ಆಮೇಲೆ ಒಬ್ಬಳು ಉದ್ದ ಕತ್ತಿನೋಳು, ಗಲ್ಲದ ಮೇಲೆ ಮಚ್ಚೆ. ಅವಳ ಮಡಿಲಲ್ಲಿ ಒಂದು ಹುಡುಗಿ. ಹುಡುಗಿ ಅವಳ ಸೆರಗನ್ನ ಎರಡೂ ಮುಷ್ಟೀಲಿ ಹಿಡ್ಕೊಂಡಿದೆ. ಹುಬ್ಬು ನಡುವೆ ಒಡೆದು ಎರಡು ತುಂಡಾಗಿದೆ, ಇದೇ..."

ಮುದುಕ ಅವಳ ಮುಖ ನೋಡಿ ಮಾತು ನಿಲ್ಲಿಸಿದ. ಅಕ್ಕನ ಬಲಹುಬ್ಬು ನಡುವೆ ಒಡೆದಿತ್ತು. ಚಿಕ್ಕಂದಿನಲ್ಲಿ ಹೊಸ್ತಿಲಿಗೆ ಬಿದ್ದು ಆದ ಗಾಯ.

ಅವಳಿಗೆ ಮೊದಲು ಬಂದದ್ದು ಸಂತೋಷ, ಅದನ್ನು ಹೇಳಲೇಬೇಕು. ನಾನಿದ್ದೇನೆ, ಅಮ್ಮನ ಮಡಿಲಲ್ಲಿ ನಾನಿದ್ದೇನೆ! ಎಷ್ಟು ವರ್ಷದ ಕಲ್ಲು ಎದೆಯಿಂದ ಜಾರಿಬಿತ್ತು. ಅದು ಬಿದ್ದ ಜಾಗಕ್ಕೆ ಇನ್ನೊಂದು ಬಂದು ಕೂರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲ್ಲಕ್ಕಾ ಅಂದಿದ್ದನಲ್ಲ ಅವನು. ಉಪ್ಪಿನ ಬೆಳಕು ಹೇಳಿದ, ಬುದ್ಧನ ಗಲ್ಲದ ಕೆಳಗೆ ಆಡುವ ಹೊಳಪು ಹೇಳಿದ, ಅಮ್ಮನನ್ನು ಹೇಳಲಿಲ್ಲ. ಹೇಳದೆ, ತನ್ನ ಬೆನ್ನ ಹಿಂದೆ ಕೂತು, ಇಷ್ಟು ದೂರ ತುಳಿಸಿದ. ಮುಂದಿನದರಲ್ಲಿ ಇರ್ತಾಳೆ ಅಂದ. ಇಳಿಜಾರಿನಲ್ಲಿ ಕೂಗು ಬೇರೆ ಹಾಕಿದ.

ಆಮೇಲೆ ಅವಳಿಗೆ ಹೊಳೆದದ್ದು ಇನ್ನೂ ಕೆಟ್ಟದ್ದು. ಈ ದ್ವೀಪದಲ್ಲಿ ಅವಳು ನೋಡಿದ್ದೆಲ್ಲ ಅವನ ನಾಲಿಗೆಯ ಮೇಲೆ ಮಾತ್ರ ಇತ್ತು. ಬಾವಲಿಗಳು ಇದ್ದವೋ ಇಲ್ಲವೋ. ಬುದ್ಧನ ಹೆಬ್ಬೆರಳು ಹಿಂದಿತ್ತೋ ಇಲ್ಲವೋ. ಯಾವ ಅಕ್ಕಿಕಾಳಿಗೆ ತಾನು ಅತ್ತೆ? ಒಂದು ಸುಳ್ಳಿಗೆ ಎಷ್ಟೊಂದು ವಿಹಾರಗಳು ಒಟ್ಟಿಗೆ ಕುಸಿದುಬಿದ್ದವು. ತಾನು ಕಂಡದ್ದೆಂದರೆ ಅರಳಿಮರಗಳು, ಬಿಳಿ ಮರಳು, ತನ್ನ ಮುಂದಿನ ಹ್ಯಾಂಡಲ್, ಅಷ್ಟೇ.

ಅವನು ಇನ್ನೂ ಒಳಗಿದ್ದ. ಅವಳ ಕಿರುಬೆರಳು ಹ್ಯಾಂಡಲ್ಲಿನಿಂದ ಸಡಿಲವಾಯಿತು. ಆಮೇಲೆ ಉಂಗುರ ಬೆರಳು. ಬೇಕೆಂದು ಬಿಟ್ಟದ್ದಲ್ಲ, ಬೆರಳುಗಳು ತಾವಾಗಿ ಯೋಚಿಸತೊಡಗಿದ್ದವು.

"ಏಯ್, ಏಯ್, ಹಿಡ್ಕೋ!" ಮುದುಕ ಗದರಿಸಿದ. "ಏನ್ಮಾಡ್ತಿದ್ದೀಯ? ಒಳಗೆ ನಿನ್ನ ಹುಡುಗ ಇದ್ದಾನೆ."

ನಿನ್ನ ಹುಡುಗ ಎಂಬ ಮಾತಿಗೆ ಅವಳ ಕೈ ಮತ್ತೆ ಬಿಗಿಯಾಯಿತು. ಸೊಂಟದ ಮೇಲೆ ಹೊತ್ತ ಭಾರ ಇನ್ನೂ ಸೊಂಟದ ನೆನಪಿನಲ್ಲಿತ್ತು. ಅವಳು ಹಿಡಿದು ನಿಂತಳು. ಹಲ್ಲು ಕಚ್ಚಿ ನಿಂತಳು.

ತಮ್ಮ ಹೊರಗೆ ಬಂದ. ಮುಖದ ತುಂಬ ಹೊಸ ಮಾತುಗಳ ಹುರುಪು. "ಅಕ್ಕಾ, ಗುಹೆಯಲ್ಲಿ ನೀರು ಚಾವಣಿಯ ಕಡೆಗೆ ಮೇಲಕ್ಕೆ ಹರಿಯುತ್ತೆ, ಗೊತ್ತಾ..."

"ಉಪ್ಪುಕೆರೆಯಲ್ಲಿ ಏನು ಉಳಿಸ್ಕೊಂಡೆ?"

ಅವನ ಮುಖ ಇಷ್ಟು ಚಿಕ್ಕದಾಯಿತು. "ಏನ್ ಉಳಿಸ್ಕೊಳ್ಳೋದು? ಎಲ್ಲ ಹೇಳ್ದೆನಲ್ಲ."

"ನನ್ನ ಮುಖ ನೋಡ್ಕೊಂಡು ಹೇಳು."

"ಅಕ್ಕಾ, ನಿಂಗೆ ಯಾರೋ ತಲೆ ಕೆಡಿಸಿದ್ದಾರೆ."

"ಲೋ, ನಿನ್ನ ಬಾಯಿಗೆ ಅನ್ನ ಹಾಕಿದ ಕೈ ಇದು. ಈ ಕೈ ಬಿಟ್ಟಿದ್ರೆ ನೀನೀಗ ಒಳಗೇ ಸುತ್ತಾ ಇರ್ತಿದ್ದೆ. ಬಿಡಲಿಲ್ಲ. ಈಗ ಹೇಳು."

ಮುದುಕ ಬೇಕೆಂದೇ ಬೇರೆ ಕಡೆ ನೋಡಿದ. ಕಡೆಗೆ ತಮ್ಮ, "ಉಳಿಸ್ಕೊಂಡೆ," ಅಂದ. ಅಂದವನೇ ಅಲ್ಲೇ ಕುಕ್ಕರಿಸಿದ. "ಅಮ್ಮ ಅಲ್ಲಿದ್ದಾಳೆ. ನಿನ್ನನ್ನ ಮಡಿಲಲ್ಲಿ ಇಟ್ಕೊಂಡಿದ್ದಾಳೆ. ನಾನಿಲ್ಲ ಅಕ್ಕಾ. ಎಲ್ಲೂ ಇಲ್ಲ. ಸೆರಗಿನ ಮರೆಯಲ್ಲಿ ಇದ್ದೀನಾ ಅಂತ ಹುಡುಕಿದೆ, ಬೆನ್ನ ಹಿಂದೆ ಇದ್ದೀನಾ ಅಂತ ಹುಡುಕಿದೆ. ಒಂದು ಬೆರಳಿನಷ್ಟೂ ನಾನಿಲ್ಲ. ನೀನು ಅದನ್ನ ಕೇಳಿ ಖುಷಿಪಡೋದನ್ನ ನನ್ನ ಕೈಲಿ ನೋಡೋಕೆ ಆಗ್ತಿರಲಿಲ್ಲ. ಹೊಟ್ಟೆ ಉರೀತು. ಅದಕ್ಕೇ."

ಅಕ್ಕನಿಗೆ ಒಂದು ಕ್ಷಣ ಎಲ್ಲ ಹೊಟ್ಟೆಗೆ ಹಾಕಿಕೊಳ್ಳಬೇಕು ಅನಿಸಿತು. ಅವನ ತಲೆ ಸವರಲು ಕೈ ಎತ್ತಬೇಕೆಂದರೆ ಕೈಯಲ್ಲಿ ಸೈಕಲ್ ಇತ್ತು. "ಬಾ, ಹೋಗೋಣ," ಅಂದಳು. "ನಾನು ಕಣ್ಣಾರೆ ನೋಡಬೇಕು. ಈಗ ಹಿಡಿಯೋನು ನೀನು."

ಬಂದ ದಾರಿಯಲ್ಲೇ ಹಿಂದಕ್ಕೆ ತುಳಿದಳು. ಈ ಸಲ ಇಳಿಜಾರಿನಲ್ಲಿ ಯಾರೂ ಕೂಗು ಹಾಕಲಿಲ್ಲ. ತಾಳೆಯ ತೋಪು ಬಂತು, ಉಪ್ಪಿನ ಗಾಳಿ ಬಂತು, ಕೆರೆಯ ದಡದ ಬಿಳಿ ಸ್ತೂಪ ಕಂಡಿತು. ಅಂಗಳದಲ್ಲಿ ಅವಳು ಹ್ಯಾಂಡಲ್ಲನ್ನು ಅವನ ಕೈಗೆ ದಾಟಿಸಿದಳು. ಅವನ ಅಂಗೈ ನಿಜಕ್ಕೂ ಬೆವರಿತ್ತು. ತನಗೆ ಇಷ್ಟು ದೊಡ್ಡ ಮೋಸ ಮಾಡಿದವನ ಕೈಯಲ್ಲಿ ತನ್ನ ಪ್ರಾಣವಿಟ್ಟು ಒಳಗೆ ಹೋಗಬೇಕು. ಬೇರೆ ಯಾರೂ ಹಿಡಿಯುವಂತಿಲ್ಲ, ಕಟ್ಟಳೆ ಹಾಗೆ.

"ಹಿಡ್ಕೋತೀಯಾ?" ಎಂದು ಕೇಳಿದಳು.

"ಕೈ ಹೋದ್ರೂ ಬಿಡಲ್ಲ ಅಕ್ಕಾ," ಅಂದ.

ಅವಳು ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ಬಾಗಿಲಲ್ಲಿ ತೂಗುಹಾಕಿದ್ದ ಬಟ್ಟೆಗೆ ಕೈ ಚೆನ್ನಾಗಿ ಒರೆಸಿಕೊಂಡಳು. ಒಳಗೆ ಹೋಗುವವರು ಹಾಗೆ ಒರೆಸಿಕೊಳ್ಳಲೇಬೇಕು. ಅಲ್ಲಿನ ಬಣ್ಣಗಳೆಲ್ಲ ಬೇಲದ ಮರದ ಅಂಟಿನಲ್ಲಿ ಕಲಸಿದವು, ಒದ್ದೆ ಕೈ ತಾಗಿದರೆ ಕದಡಿಹೋಗುತ್ತವೆ. ಅರ್ಧಚಂದ್ರದ ಕಲ್ಲು ಮೆಟ್ಟಿ ಅವಳು ಮೊದಲ ಸಲ ಒಂದು ವಿಹಾರದ ಒಳಗೆ ಕಾಲಿಟ್ಟಳು.

ಉಪ್ಪಿನ ಬೆಳಕು ಇತ್ತು. ಬುದ್ಧನ ಗಲ್ಲದ ಕೆಳಗೆ ಕೆರೆಯ ಹೊಳಪು ಆಡುತ್ತಿತ್ತು. ಅದನ್ನು ಅವನು ನಿಜವೇ ಹೇಳಿದ್ದ. ನಿಜ ಹೇಳಿದ್ದಾನೆ ಎಂದು ಗೊತ್ತಾದದ್ದು ಅವಳಿಗೆ ಯಾಕೋ ಇನ್ನಷ್ಟು ನೋವು ಕೊಟ್ಟಿತು.

ಗೋಡೆಯ ಮೇಲೆ ಸಾಲು. ಗಡ್ಡದವನು, ತಕ್ಕಡಿ. ಕುಳ್ಳ, ಖಾಲಿ ಮಡಿಲು. ಅವನ ಪಕ್ಕದಲ್ಲಿ ಅಮ್ಮ.

ಅಮ್ಮನ ಮುಖ ಇತ್ತು. ಮಚ್ಚೆ ಇತ್ತು. ಉದ್ದ ಕತ್ತು ಇತ್ತು. ಮಡಿಲನ್ನು ಸುತ್ತಿಕೊಂಡ ಒಂದು ತೋಳಿತ್ತು. ಮಡಿಲಲ್ಲಿ ಹುಡುಗಿ ಇರಲಿಲ್ಲ. ಅಲ್ಲಿ ಕೆಂಪು, ಹಳದಿ, ಕಪ್ಪು ಎಲ್ಲ ಸೇರಿ ಒಂದು ಕಲೆಯಾಗಿತ್ತು. ಒದ್ದೆ ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ತಿಕ್ಕಿದ ಗುರುತು. ಬಣ್ಣ ಒಣಗುವಾಗ ಬೆರಳಿನ ಗೆರೆಗಳೂ ಅದರಲ್ಲಿ ಒಣಗಿದ್ದವು. ಕಲೆಯ ಅಂಚಿನಲ್ಲಿ ಒಂದು ಸಣ್ಣ ಮುಷ್ಟಿ ಮಾತ್ರ ಉಳಿದು, ಸೆರಗನ್ನು ಇನ್ನೂ ಹಿಡಿದುಕೊಂಡಿತ್ತು.

ಇದನ್ನು ಅವನು ಹೇಳಿರಲಿಲ್ಲ. ಒಪ್ಪಿಕೊಳ್ಳುವಾಗಲೂ ಹೇಳಿರಲಿಲ್ಲ. ಕುಕ್ಕರಿಸಿ ಕೂತು, ಹೊಟ್ಟೆ ಉರೀತು ಎಂದು ಅತ್ತು, ತನ್ನ ಮನಸ್ಸು ಕರಗಿಸಿ, ಇದೊಂದನ್ನು ಮತ್ತೆ ಉಳಿಸಿಕೊಂಡಿದ್ದ. ಚಿತ್ರ ಬರೆಯುವವನು ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವುದಿಲ್ಲ. ಅಮ್ಮ ಸಾಯುವಾಗ ಹೇಳಿದ ಒಂದೇ ಒಂದು ಮಾತನ್ನು ತಮ್ಮ ಒರೆಸಿಹಾಕಿದ್ದ. ಅವಳಿಗೆ ಅಳು ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿದರೆ ಕಾಣುವುದೇನು ಎಂದಿದ್ದನಲ್ಲ, ಕಣ್ಣು ಒಣಗಿಕೊಂಡೇ ಇತ್ತು, ಎಲ್ಲ ಚೆನ್ನಾಗಿ ಕಂಡಿತು.

ಚೆನ್ನಾಗಿ ಕಂಡದ್ದರಿಂದಲೇ ಅಮ್ಮನ ಇನ್ನೊಂದು ಕೈಯೂ ಕಂಡಿತು. ಸಾಲಿನಲ್ಲಿ ಎಲ್ಲರ ಕೈಗಳೂ ಮಡಿಲಲ್ಲಿದ್ದವು, ಇಲ್ಲವೇ ಮುಗಿದುಕೊಂಡಿದ್ದವು. ಅಮ್ಮನೊಬ್ಬಳ ಎಡಗೈ ಮೇಲಕ್ಕೆ ಎದ್ದು ಎಡಗಿವಿಯನ್ನು ಮುಟ್ಟಿತ್ತು. ಯಾರಾದರೂ ನೋಡಿದರೆ ಧರ್ಮದ ಮಾತಿಗೆ ಕಿವಿಗೊಟ್ಟಿದ್ದಾಳೆ ಅನ್ನಬೇಕು. ಅಕ್ಕ ಹತ್ತಿರ ಹೋಗಿ ನೋಡಿದಳು. ಕಿವಿಯ ಹಾಲೆ ಕೆಳಗಿನ ತನಕ ಹರಿದಿತ್ತು. ಆ ಹರಕಿನ ತುದಿಯನ್ನು ಅಮ್ಮ ಎರಡು ಬೆರಳಲ್ಲಿ ಮೆತ್ತಗೆ ಹಿಡಿದುಕೊಂಡಿದ್ದಳು.

ಅಕ್ಕನಿಗೆ ಎಲ್ಲ ತಿಳಿಯಿತು. ತಮ್ಮ ಹಾಲು ಕುಡಿಯುವ ಕೂಸಾಗಿದ್ದಾಗ ಅಮ್ಮನ ಓಲೆಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದ್ದ. ಕಿವಿ ಹರಿದು ರಕ್ತ ಸುರಿದಿತ್ತು. ಅಮ್ಮ ಅದನ್ನು ಹೊಲಿಸಲಿಲ್ಲ, ಆ ಕಿವಿಗೆ ಮತ್ತೆ ಓಲೆ ಹಾಕಲಿಲ್ಲ, ಕೂತಲ್ಲಿ ನಿಂತಲ್ಲಿ ಅದನ್ನು ಮುಟ್ಟಿಕೊಂಡು ನಗುತ್ತಿದ್ದಳು. ತಮ್ಮನಿಗೆ ಇದು ಗೊತ್ತಿಲ್ಲ. ಅಮ್ಮನ ರಕ್ತ ಹರಿಸಿದವನು ನೀನು ಎಂದು ತಾಯಿಯಿಲ್ಲದ ಮಗುವಿಗೆ ಹೇಳುವುದು ಹೇಗೆ ಎಂದು ಅಕ್ಕ ಯಾವತ್ತೂ ಹೇಳಿರಲಿಲ್ಲ. ಗುರುತು ಹೇಳಿಕೊಡುವಾಗಲೂ ಮಚ್ಚೆ ಹೇಳಿದಳು, ಕತ್ತು ಹೇಳಿದಳು, ಕಿವಿಯನ್ನು ಬಿಟ್ಟಳು. ಅವನು ಸೆರಗಿನ ಮರೆಯಲ್ಲಿ, ಬೆನ್ನ ಹಿಂದೆ ತನ್ನನ್ನು ಹುಡುಕಿದ್ದ. ಅಮ್ಮ ಅವನನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಿದ್ದಳು.

ಹೊರಗೆ ಸೈಕಲ್ ಬಿದ್ದ ಸದ್ದಾಗಲಿಲ್ಲ. ಬಾಗಿಲು ಇದ್ದ ಕಡೆಯೇ ಇತ್ತು. ಅವಳು ಹೊರಗೆ ಬಂದಳು.

ಅವನು ಬಿಸಿಲಲ್ಲಿ ನಿಂತಿದ್ದ. ನೆರಳು ಸರಿದುಹೋಗಿತ್ತು, ಸೈಕಲ್ ಸರಿಸಿದರೆ ಎಲ್ಲಿ ಜಾರುವುದೋ ಎಂದು ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹಿಡಿಯುವ ಕೆಲಸವನ್ನು ಅವನು ಚಾಚೂ ತಪ್ಪದೆ ಮಾಡಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ನೋಡಿದ್ಯಾ?" ಅಂದ.

ಹೋದವರು ಬಂದು ಹೇಳಬೇಕು. ಅಕ್ಕ ಹೇಳಿದಳು. ಬೆಳಕು ಹೇಳಿದಳು, ಗಡ್ಡದವನನ್ನು ಹೇಳಿದಳು, ಕುಳ್ಳನನ್ನು ಹೇಳಿದಳು. "ಅಮ್ಮ ಇದ್ದಾಳೆ. ಅಮ್ಮನ ಮಡಿಲಲ್ಲಿ ನಿನ್ನ ಹೆಬ್ಬೆಟ್ಟಿನ ಗುರುತಿದೆ," ಅಂದಳು.

ಅವನು ತಲೆ ತಗ್ಗಿಸಿದ. ಸೈಕಲ್ ಬಿಡಲಾರದೆ, ಕಣ್ಣೊರೆಸಿಕೊಳ್ಳಲಾರದೆ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತ ನಿಂತ. ಆಮೇಲೆ ಕೇಳಿದ: "ಅಕ್ಕಾ, ನೀನು ನನಗಿಂತ ಚೆನ್ನಾಗಿ ನೋಡ್ತೀಯ. ಬೇರೆ ಎಲ್ಲಾದ್ರೂ... ನಾನು ಇದ್ನಾ?"

ಕಿವಿಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಎರಡೇ ಮಾತು. ಅವನ ಬಾಳೂ ಅಲ್ಲಿಂದ ಶುರುವಾಗುತ್ತಿತ್ತು. ಅವಳು ಅವನ ಕೈಗಳನ್ನು ನೋಡಿದಳು, ಬಲಗೈಯ ಹೆಬ್ಬೆರಳನ್ನು ನೋಡಿದಳು.

"ಇಲ್ಲ," ಅಂದಳು. "ಅಷ್ಟೇ ಇದ್ದದ್ದು."

ಅವಳು ಸುಳ್ಳು ಹೇಳಬಹುದೆಂದು ಅವನಿಗೆ ತೋಚಲೇ ಇಲ್ಲ. ಅವಳೇ ಸಾಕಿದವಳು. ಅವನು ಹ್ಯಾಂಡಲ್ ಅವಳಿಗೆ ದಾಟಿಸಿ, ಹಿಂದೆ ಹತ್ತಿ ಕೂತ. ಅವಳು ದೋಣಿಕಟ್ಟೆಯ ಕಡೆಗೆ ತುಳಿದಳು. ಸ್ವಲ್ಪ ದೂರ ಹೋದ ಮೇಲೆ ಅವನು ಅವಳ ಬೆನ್ನಿಗೆ ಹಣೆಯಾನಿಸಿ ಗಟ್ಟಿಯಾಗಿ ಅಳತೊಡಗಿದ. ರವಿಕೆ ಒದ್ದೆಯಾಗುವುದು ಅವಳಿಗೆ ಗೊತ್ತಾಗುತ್ತಿತ್ತು. ಉಳಿಸ್ಕೊಂಡೆ ಎಂದು ಈಗ ಅವಳು ಒಂದು ಮಾತು ಅಂದರೆ ಸಾಕು, ಕಟ್ಟಳೆಯ ಪ್ರಕಾರ ಹಿಂದಿರುಗಬಹುದು, ತಾನು ಸೈಕಲ್ ಹಿಡಿದು ಅವನನ್ನು ಒಳಗೆ ಕಳಿಸಬಹುದು. ಅವಳು ಬಾಯಿ ಬಿಡಲಿಲ್ಲ. ಏರು ಬಂದಾಗ ಅವನು ಅಭ್ಯಾಸಬಲದಿಂದ ಇಳಿದು ತಳ್ಳಿದ, ಏರು ಮುಗಿದ ಮೇಲೆ ಮತ್ತೆ ಹತ್ತಿ ಕೂತು ಅತ್ತ. ಅವಳು ಒಂದೇ ಸಮ ತುಳಿಯುತ್ತಲೇ ಇದ್ದಳು.